ನಾಲ್ಕು ಹಲ್ಲುಗಳ ನೂರು ವರ್ಷದ ಜಗಳ

ಹನ್ನೆರಡು ವರ್ಷದ ಹುಡುಗಿಯೊಬ್ಬಳ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಕ್ಲಿಪ್ ಹಾಕಿಸಿದರೆ ನೆಟ್ಟಗಾಗುತ್ತವೆ ಎಂದು ಯಾರೋ ಹೇಳಿದ್ದನ್ನು ಕೇಳಿ ತಂದೆತಾಯಿ ಅವಳನ್ನು ದಂತವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಎಕ್ಸ್‌ರೇ ತೆಗೆಸಿ, ಹಲ್ಲಿನ ಅಚ್ಚು ತೆಗೆದು, ಲೆಕ್ಕ ಹಾಕಿದ ವೈದ್ಯರು, ‘ತಂತಿ ಹಾಕುವುದಕ್ಕೆ ಮುಂಚೆ ನಾಲ್ಕು ಹಲ್ಲು ಕೀಳಬೇಕಾಗುತ್ತದೆ’ ಎನ್ನುತ್ತಾರೆ. ಹುಳುಕು ಹಲ್ಲಲ್ಲ, ಅಲುಗಾಡುವ ಹಲ್ಲೂ ಅಲ್ಲ. ಮೊನ್ನೆ ಮೊನ್ನೆ ಹುಟ್ಟಿದ, ಗಟ್ಟಿಮುಟ್ಟಾದ, ಹೋದರೆ ಮತ್ತೆಂದೂ ಬಾರದ ಹಲ್ಲುಗಳು. ಗಾಬರಿಬಿದ್ದ ತಂದೆತಾಯಿ ಇನ್ನೊಬ್ಬ ವೈದ್ಯರನ್ನು ಕಂಡರೆ ಅವರು ‘ಕೀಳುವುದೇನೂ ಬೇಡ, ಹಲ್ಲಿನ ಸಾಲನ್ನೇ ಸ್ವಲ್ಪ ಅಗಲ ಮಾಡೋಣ’ ಎನ್ನಲೂಬಹುದು. ಇಬ್ಬರೂ ಓದಿದವರು, ಇಬ್ಬರ ಗೋಡೆಯ ಮೇಲೂ ಪ್ರಮಾಣಪತ್ರಗಳಿವೆ. ಯಾರ ಮಾತನ್ನು ನಂಬುವುದು?

ಈ ಗೊಂದಲ ಇಂದಿನದಲ್ಲ. ವಕ್ರ ಹಲ್ಲುಗಳನ್ನು ಸರಿಪಡಿಸುವ ಶಾಸ್ತ್ರ, ಅಂದರೆ ಆರ್ಥೊಡಾಂಟಿಕ್ಸ್, ದಂತವೈದ್ಯದ ಪ್ರತ್ಯೇಕ ಶಾಖೆಯಾಗಿ ಕಣ್ಣುಬಿಟ್ಟಂದಿನಿಂದಲೂ ಅದರೊಳಗೆ ಹೊಗೆಯಾಡುತ್ತಿರುವ ಜಗಳ ಇದು. ಒಂದು ಕಾಲದಲ್ಲಿ ಒಳ್ಳೆಯ ಹಲ್ಲು ಕೀಳುವುದು ಪಾಪವೆನಿಸಿತ್ತು. ಕೆಲವು ದಶಕ ಕಳೆದ ಮೇಲೆ ಕೀಳದಿರುವುದೇ ತಪ್ಪೆನಿಸಿತು. ಇನ್ನೂ ಕೆಲವು ದಶಕ ಕಳೆದಾಗ ಗಾಳಿ ಮತ್ತೆ ತಿರುಗಿತು. ಅಷ್ಟೂ ಕಾಲ ಮನುಷ್ಯನ ದವಡೆ ಮಾತ್ರ ಇದ್ದಂತೆಯೇ ಇತ್ತು. ಬದಲಾದದ್ದು ವೈದ್ಯರ ನಂಬಿಕೆ. ಆ ನಂಬಿಕೆಗಳನ್ನು ಅಳೆದು ನೋಡುವ ಕೆಲಸ ಆರಂಭವಾದದ್ದು ಬಹಳ ತಡವಾಗಿ.

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯಲ್ಲಿ ಕೂತಿರುವುದಿಲ್ಲ. ಅದರ ಬೇರಿಗೂ ಮೂಳೆಗೂ ನಡುವೆ ನವಿರಾದ ನಾರುಗಳ ಪದರವೊಂದಿದೆ. ಹಲ್ಲನ್ನು ಒಂದೇ ದಿಕ್ಕಿಗೆ ಹಗುರವಾಗಿ, ಆದರೆ ಬಿಡದೆ ಒತ್ತುತ್ತಿದ್ದರೆ ಮುಂದಿನ ಮೂಳೆ ಕರಗುತ್ತದೆ. ಹಿಂದೆ ತೆರವಾದ ಜಾಗದಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಸರಿಯುತ್ತದೆ. ತಂತಿ, ಬ್ರಾಕೆಟ್, ರಬ್ಬರ್ ಎಲ್ಲವೂ ಈ ಒತ್ತಡವನ್ನು ಕೊಡುವ ಉಪಾಯಗಳೇ. ಆದರೆ ಸರಿಯಲು ಜಾಗವಿರಬೇಕಲ್ಲ? ಎಂಟು ಜನ ಕೂರುವ ಬೆಂಚಿನಲ್ಲಿ ಹತ್ತು ಜನ ಕೂತಿದ್ದರೆ ಒಂದೋ ಇಬ್ಬರನ್ನು ಎಬ್ಬಿಸಬೇಕು, ಇಲ್ಲವೇ ಬೆಂಚನ್ನು ಉದ್ದ ಮಾಡಬೇಕು. ಎಬ್ಬಿಸುವುದೆಂದಾದರೆ ಸಾಮಾನ್ಯವಾಗಿ ಸರದಿ ಬರುವುದು ಮಧ್ಯದಿಂದ ಎಣಿಸಿದಾಗ ಸಿಗುವ ನಾಲ್ಕನೆಯ ಹಲ್ಲಿಗೆ, ಅಂದರೆ ಕೋರೆಹಲ್ಲಿನ ಹಿಂದಿನದಕ್ಕೆ. ಮೇಲೆ ಎರಡು, ಕೆಳಗೆ ಎರಡು. ಒಂದೊಂದರಿಂದ ಸುಮಾರು ಏಳು ಮಿಲಿಮೀಟರ್ ಜಾಗ ಸಿಗುತ್ತದೆ. ಬೆಂಚನ್ನು ಉದ್ದ ಮಾಡುವುದೆಂದಾದರೆ ಹಲ್ಲಿನ ಸಾಲನ್ನು ಅಗಲಿಸಬೇಕು, ದವಡೆಹಲ್ಲುಗಳನ್ನು ಹಿಂದಕ್ಕೆ ತಳ್ಳಬೇಕು ಅಥವಾ ಬಾಚಿಹಲ್ಲುಗಳನ್ನು ಮುಂದಕ್ಕೆ ವಾಲಿಸಬೇಕು.

ಬೆಂಚನ್ನು ಉದ್ದ ಮಾಡಲೇಬೇಕು, ಒಬ್ಬರನ್ನೂ ಎಬ್ಬಿಸಕೂಡದು ಎಂದು ಹಟ ಹಿಡಿದವನು ಈ ಶಾಸ್ತ್ರದ ಪಿತಾಮಹನೆನಿಸಿದ ಅಮೆರಿಕದ ಎಡ್ವರ್ಡ್ ಆ್ಯಂಗಲ್ (1855–1930). ವಕ್ರ ಹಲ್ಲುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ ಆತ 1899ರಲ್ಲಿ ಪ್ರಕಟಿಸಿದ ಪದ್ಧತಿಯನ್ನು ಇಂದಿಗೂ ಪ್ರಪಂಚದ ಎಲ್ಲ ದಂತವೈದ್ಯ ವಿದ್ಯಾರ್ಥಿಗಳು ಕಲಿಯುತ್ತಾರೆ. ಆರನೆಯ ವರ್ಷದ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲೇ ಬಾಯಿಯ ಕೀಲಿಕೈ ಎಂಬುದು ಅವನ ಸಿದ್ಧಾಂತ. ಮೇಲಿನ ಮತ್ತು ಕೆಳಗಿನ ದವಡೆಹಲ್ಲುಗಳು ಒಂದಕ್ಕೊಂದು ಹೇಗೆ ಕೂರುತ್ತವೆ ಎಂಬುದರ ಮೇಲೆ ಎಲ್ಲ ವಿಂಗಡಣೆಯೂ ನಿಂತಿದೆ. 1900ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಆ್ಯಂಗಲ್ ಈ ಒಂದು ವಿದ್ಯೆಗಾಗಿಯೇ ಶಾಲೆ ತೆರೆದ. ಹಟಮಾರಿ, ಮುಂಗೋಪಿ, ಶಿಷ್ಯರನ್ನು ತಾನೇ ಆರಿಸಿಕೊಳ್ಳುತ್ತಿದ್ದ ಗುರು. ಎದುರಾಡಿದ ಶಿಷ್ಯರು ಬಹಳ ದಿನ ಉಳಿಯುತ್ತಿರಲಿಲ್ಲ.

ಆ್ಯಂಗಲ್‌ನ ಬಳಿ ಒಂದು ತಲೆಬುರುಡೆ ಇತ್ತು. ಅದರ ಮೂವತ್ತೆರಡು ಹಲ್ಲುಗಳೂ ಮುತ್ತು ಪೋಣಿಸಿದಂತೆ ಸಾಲಾಗಿದ್ದವು. ಅದಕ್ಕೆ ‘ಓಲ್ಡ್ ಗ್ಲೋರಿ’ ಎಂದು ಹೆಸರಿಟ್ಟು ಅದನ್ನೇ ಆದರ್ಶವೆಂದು ತೋರಿಸುತ್ತಿದ್ದ. ಮೊದಮೊದಲು ಸುಂದರ ಮುಖದ ಆದರ್ಶವನ್ನು ಪುರಾತನ ಅಪೊಲೊ ಶಿಲ್ಪದಲ್ಲಿ ಹುಡುಕಿದ್ದವನು, ವುರ್ಪೆಲ್ ಎಂಬ ಚಿತ್ರಕಲಾ ಅಧ್ಯಾಪಕನ ಒಡನಾಟದಿಂದ ಎಲ್ಲರಿಗೂ ಹೊಂದುವ ಒಂದೇ ಸುಂದರ ಮುಖ ಎಂಬುದಿಲ್ಲವೆಂದು ಕಂಡುಕೊಂಡ. ಅಲ್ಲಿಂದ ಅವನು ತಲುಪಿದ ತೀರ್ಮಾನ ಸರಳವಾಗಿತ್ತು: ಸೃಷ್ಟಿಕರ್ತ ಕೊಟ್ಟ ಅಷ್ಟೂ ಹಲ್ಲುಗಳನ್ನು ಉಳಿಸಿಕೊಂಡು ಸರಿಯಾಗಿ ಕೂರಿಸಿದರೆ ಆ ವ್ಯಕ್ತಿಗೆ ಒಪ್ಪುವ ಮುಖ ತಾನಾಗಿಯೇ ಬರುತ್ತದೆ. ದವಡೆ ಸಾಲದಿದ್ದರೆ? ಸರಿಯಾಗಿ ಜಗಿಯಲು ತೊಡಗಿದ ಮೇಲೆ ಹಲ್ಲುಗಳ ಸುತ್ತ ಮೂಳೆ ಬೆಳೆದೇ ಬೆಳೆಯುತ್ತದೆ! ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆಂದು ಜರ್ಮನಿಯ ಜೂಲಿಯಸ್ ವೋಲ್ಫ್ ಅದೇ ಕಾಲಕ್ಕೆ ಹೇಳಿದ್ದು ಆ್ಯಂಗಲ್‌ಗೆ ಬಲ ಕೊಟ್ಟಿತು. ತನ್ನ ಪುಸ್ತಕದ ಹಳೆಯ ಆವೃತ್ತಿಗಳಲ್ಲಿ ಕೆಲವು ಸಂದರ್ಭಗಳಲ್ಲಿ ಹಲ್ಲು ಕೀಳಬಹುದೆಂದು ಬರೆದಿದ್ದವನು 1907ರ ಏಳನೆಯ ಆವೃತ್ತಿಯ ಹೊತ್ತಿಗೆ ಅದರ ಕಡು ವಿರೋಧಿಯಾಗಿದ್ದ.

ಎದುರು ನಿಂತವನು ಷಿಕಾಗೊದ ಕ್ಯಾಲ್ವಿನ್ ಕೇಸ್. ಹಲ್ಲಿನ ಸಾಲನ್ನು ಹಿಗ್ಗಿಸಿ ನೆಟ್ಟಗೆ ಮಾಡಬಹುದು, ನಿಜ. ಆದರೆ ತುಟಿ ಮುಂದಕ್ಕೆ ಉಬ್ಬಿ ಮುಖ ಕೆಡುತ್ತದೆ, ಹಲ್ಲುಗಳೂ ಕೊನೆಯವರೆಗೆ ಅಲ್ಲಿ ನಿಲ್ಲುವುದಿಲ್ಲ ಎಂದು ಅವನ ವಾದ. ಎಲ್ಲರ ಹಲ್ಲನ್ನೂ ಕೀಳಿ ಎಂದು ಆತ ಹೇಳಲಿಲ್ಲ, ಕೆಲವರದನ್ನು ಕೀಳಲೇಬೇಕಾಗುತ್ತದೆ ಎಂದ. 1911ರಲ್ಲಿ ಅಮೆರಿಕದ ರಾಷ್ಟ್ರೀಯ ದಂತವೈದ್ಯ ಸಂಘದ ಸಭೆಯಲ್ಲಿ ಕೇಸ್ ತನ್ನ ಪ್ರಬಂಧ ಓದಿದಾಗ ಆ್ಯಂಗಲ್ ಪಕ್ಷದ ಪರವಾಗಿ ಉತ್ತರಿಸಿದವನು ಮಾರ್ಟಿನ್ ಡ್ಯೂಯಿ. ಆರ್ಥೊಡಾಂಟಿಕ್ಸ್ ಇತಿಹಾಸದಲ್ಲಿ ಅದನ್ನು ಮಹಾವಾದವೆಂದೇ ಕರೆಯುತ್ತಾರೆ. ಆದರೆ ಆ ಮಹಾವಾದದಲ್ಲಿ ಯಾರ ಬಳಿಯೂ ಲೆಕ್ಕವಿರಲಿಲ್ಲ. ಇಷ್ಟು ಮಕ್ಕಳಿಗೆ ಹೀಗೆ ಚಿಕಿತ್ಸೆ ಮಾಡಿದೆವು, ಹತ್ತು ವರ್ಷದ ಮೇಲೆ ಇಷ್ಟು ಮಂದಿಯ ಹಲ್ಲು ಹೀಗಿದೆ ಎಂದು ಹೇಳುವವರೇ ಇರಲಿಲ್ಲ. ಇದ್ದದ್ದು ಅನುಭವ, ತರ್ಕ ಮತ್ತು ಗಂಟಲು.

ಇಬ್ಬರ ತರ್ಕದಲ್ಲೂ ಸತ್ಯದ ಅಂಶವಿತ್ತು, ಪೊಳ್ಳೂ ಇತ್ತು. ಮಗು ತಂದೆಯಿಂದ ದೊಡ್ಡ ಹಲ್ಲುಗಳನ್ನೂ ತಾಯಿಯಿಂದ ಚಿಕ್ಕ ದವಡೆಯನ್ನೂ ಪಡೆದರೆ ಜಾಗ ಸಾಲುವುದೆಂತು ಎಂಬುದು ಹಲ್ಲು ಕೀಳುವವರ ಅಚ್ಚುಮೆಚ್ಚಿನ ದೃಷ್ಟಾಂತ. ನಮ್ಮಲ್ಲೂ ಈ ಮಾತನ್ನು ಹೇಳುವವರಿದ್ದಾರೆ. ಚಾರ್ಲ್ಸ್ ಸ್ಟಾಕಾರ್ಡ್ ಎಂಬ ವಿಜ್ಞಾನಿ ಬೇರೆ ಬೇರೆ ತಳಿಯ ನಾಯಿಗಳನ್ನು ಕೂಡಿಸಿ ಹುಟ್ಟಿಸಿದ ಮರಿಗಳ ಬಾಯಿ ಸೊಟ್ಟಪಟ್ಟವಾಗಿದ್ದದ್ದನ್ನು ತೋರಿಸಿದ ಗ್ರಂಥ 1941ರಲ್ಲಿ ಬಂದಾಗ ಈ ವಾದಕ್ಕೆ ವಿಜ್ಞಾನದ ಮುದ್ರೆ ಬಿದ್ದಂತಾಯಿತು. ಆದರೆ ಗಿಡ್ಡಕಾಲಿನ ನಾಯಿತಳಿಗಳಲ್ಲಿ ಮೂಳೆಯ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ಜೀನ್ ಇರುತ್ತದೆ. ಮರಿಗಳ ದವಡೆ ಕೆಟ್ಟದ್ದಕ್ಕೆ ಅದೇ ಮುಖ್ಯ ಕಾರಣವೆಂದು ಆಮೇಲೆ ಗೊತ್ತಾಯಿತು. ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡುವಂತಿಲ್ಲವಷ್ಟೆ. ಆದರೆ ಹವಾಯಿ ದ್ವೀಪಗಳಲ್ಲಿ ಇತಿಹಾಸವೇ ಅದನ್ನು ಮಾಡಿತ್ತು. ಅಲ್ಲಿ ಪಾಲಿನೇಷಿಯನ್ನರು, ಚೀನೀಯರು, ಜಪಾನೀಯರು, ಯೂರೋಪಿನವರು ತಲೆಮಾರುಗಳ ಕಾಲ ಬೆರೆತಿದ್ದರು. ಆ ಶಾಲಾಮಕ್ಕಳ ಬಾಯಿ ಪರೀಕ್ಷಿಸಿ 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿಶ್ರ ಸಂತಾನದ ಮಕ್ಕಳಲ್ಲಿ ಹಲ್ಲುಗಳ ಅಸ್ತವ್ಯಸ್ತತೆ ನಿರೀಕ್ಷಿಸಿದ ಹಾಗೆ ಸ್ಫೋಟಿಸಿರಲಿಲ್ಲ.

ಆ್ಯಂಗಲ್ 1930ರಲ್ಲಿ ತೀರಿಕೊಂಡ. ಅವನ ಕೋಟೆಯನ್ನು ಒಡೆದವರು ಹೊರಗಿನವರಲ್ಲ, ಇಬ್ಬರು ಸ್ವಂತ ಶಿಷ್ಯರು.

ಒಬ್ಬ ಅರಿಝೋನಾದ ಚಾರ್ಲ್ಸ್ ಟ್ವೀಡ್. ಗುರುವಿನ ಕೊನೆಯ ದಿನಗಳ ಪ್ರೀತಿಯ ಶಿಷ್ಯ, ಗುರು ಹೇಳಿದಂತೆಯೇ ಒಂದು ಹಲ್ಲನ್ನೂ ಕೀಳದೆ ವರ್ಷಗಟ್ಟಲೆ ಚಿಕಿತ್ಸೆ ಮಾಡಿದವನು. ಆದರೆ ತಾನು ಗುಣಪಡಿಸಿದ್ದೇನೆಂದುಕೊಂಡ ರೋಗಿಗಳನ್ನು ಮತ್ತೆ ಕರೆದು ನೋಡಿದಾಗ ಅವನಿಗೆ ಆಘಾತವಾಯಿತು. ಅನೇಕರ ಬಾಯಿ ಮುಂದಕ್ಕೆ ಉಬ್ಬಿತ್ತು. ಹಲ್ಲುಗಳು ಮತ್ತೆ ಒತ್ತರಿಸಿಕೊಂಡಿದ್ದವು. ಸೋತ ರೋಗಿಗಳನ್ನು ಟ್ವೀಡ್ ಮತ್ತೆ ಕರೆಸಿ, ನಾಲ್ಕು ಹಲ್ಲು ಕಿತ್ತು, ಶುಲ್ಕ ತೆಗೆದುಕೊಳ್ಳದೆ ಪುನಃ ಚಿಕಿತ್ಸೆ ಮಾಡಿದ. 1936ರಲ್ಲಿ ಈ ಬಗ್ಗೆ ಪ್ರಬಂಧ ಓದಿದಾಗ ಗುರುಬಂಧುಗಳು ಅವನನ್ನು ದ್ರೋಹಿಯಂತೆ ಕಂಡರು. 1940ರಲ್ಲಿ ಆತ ಮೊದಲು ಹಲ್ಲು ಕೀಳದೆಯೂ ಆಮೇಲೆ ಕಿತ್ತೂ ಚಿಕಿತ್ಸೆ ಮಾಡಿದ ನೂರು ರೋಗಿಗಳ ದಾಖಲೆಗಳನ್ನು ಸಹೋದ್ಯೋಗಿಗಳ ಮುಂದೆ ಸಾಲಾಗಿ ಇಟ್ಟ. ಪಕ್ಷಾಂತರ ಅಲ್ಲಿಂದ ಆರಂಭವಾಯಿತು. ತನ್ನ ಸೋಲನ್ನು ತಾನೇ ಎಣಿಸಿ ಜನರ ಮುಂದೆ ಇಡುವುದು ಯಾವ ವೃತ್ತಿಯಲ್ಲೂ ಸುಲಭದ ಮಾತಲ್ಲ.

ಇನ್ನೊಬ್ಬ ಆಸ್ಟ್ರೇಲಿಯದ ಅಡಿಲೇಡ್‌ನ ರೇಮಂಡ್ ಬೆಗ್. ಆತ ಅಲ್ಲಿನ ಮೂಲನಿವಾಸಿಗಳ ಹಲ್ಲುಗಳನ್ನು ಅಧ್ಯಯನ ಮಾಡಿದ. ಮರಳು ಬೆರೆತ ಒರಟು ಆಹಾರ ಜಗಿದು ಜಗಿದು ಅವರ ಹಲ್ಲುಗಳು ಮೇಲ್ಭಾಗದಲ್ಲಷ್ಟೇ ಅಲ್ಲ, ಒಂದಕ್ಕೊಂದು ತಾಗುವ ಪಕ್ಕದಲ್ಲೂ ಸವೆದಿದ್ದವು. ಹಾಗೆ ಸವೆದಾಗ ಸಾಲಿನ ಒಟ್ಟು ಉದ್ದ ಕಡಿಮೆಯಾಗಿ ಎಲ್ಲಕ್ಕೂ ಜಾಗ ಸಿಗುತ್ತದೆ. ಬೇಯಿಸಿದ ಮೆತ್ತನೆಯ ಅನ್ನ ತಿನ್ನುವ ನಾಗರಿಕನ ಹಲ್ಲು ಸವೆಯುವುದಿಲ್ಲ. ಆದ್ದರಿಂದ ಪ್ರಕೃತಿ ಸವೆಸಬೇಕಿದ್ದಷ್ಟನ್ನು ವೈದ್ಯ ಕಿತ್ತು ತೆಗೆದರೆ ತಪ್ಪೇನು? 1954ರಲ್ಲಿ ಪ್ರಕಟವಾದ ಬೆಗ್‌ನ ಈ ವಾದ ಅವನ ತಂತಿಯ ವಿಧಾನದೊಂದಿಗೆ ದೇಶದೇಶ ಸುತ್ತಿತು. ಭಾರತದ ದಂತವೈದ್ಯ ಕಾಲೇಜುಗಳಲ್ಲೂ ಬೆಗ್ ವಿಧಾನವನ್ನು ದಶಕಗಳ ಕಾಲ ಕಲಿಸಿದರು. ಆಹಾರಕ್ಕೂ ಒತ್ತರಿಸಿದ ಹಲ್ಲಿಗೂ ಸಂಬಂಧವಿದೆ ಎಂಬ ಮಾತನ್ನು ಆಮೇಲಿನ ಕೆಲವು ಅಧ್ಯಯನಗಳು ಬೇರೆ ಬಗೆಯಲ್ಲಿ ಎತ್ತಿಹಿಡಿದಿವೆ. ಅಮೆರಿಕದ ಮಾನವಶಾಸ್ತ್ರಜ್ಞ ಕೊರುಚಿನಿ ಮತ್ತು ಸಂಗಡಿಗರು ಉತ್ತರ ಭಾರತದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹಳ್ಳಿಗರಿಗಿಂತ ಪೇಟೆಯ ಯುವಜನರಲ್ಲಿ ವಕ್ರ ಹಲ್ಲು ಹೆಚ್ಚು ಕಂಡಿತ್ತು. ಮೆತ್ತನೆಯ ಆಹಾರದಿಂದ ಹಲ್ಲು ಸವೆಯದಿರುವುದಕ್ಕಿಂತ, ಬೆಳೆಯುವ ವಯಸ್ಸಿನಲ್ಲಿ ದವಡೆಗೇ ಸಾಕಷ್ಟು ಕೆಲಸವಿಲ್ಲದೆ ಅದು ಪೂರ್ತಿ ಬೆಳೆಯದಿರುವುದು ಮುಖ್ಯವೆಂಬುದು ಅವರ ವಾದ.

ಟ್ವೀಡ್ ಮತ್ತು ಬೆಗ್ ಗೆದ್ದ ಮೇಲೆ ಏನಾಯಿತೆಂಬುದಕ್ಕೆ ಒಂದು ಕುತೂಹಲದ ಲೆಕ್ಕವಿದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿಲಿಯಂ ಪ್ರೊಫಿಟ್ ತಮ್ಮ ಆಸ್ಪತ್ರೆಯ ನಲವತ್ತು ವರ್ಷದ ಕಡತಗಳನ್ನು ತೆಗೆದು ಎಷ್ಟು ಮಂದಿಯ ಹಲ್ಲು ಕಿತ್ತಿದ್ದಾರೆಂದು ಎಣಿಸಿದರು. 1953ರಲ್ಲಿ ನೂರಕ್ಕೆ 30 ರೋಗಿಗಳು. 1968ರಲ್ಲಿ ನೂರಕ್ಕೆ 76. 1993ರಲ್ಲಿ ನೂರಕ್ಕೆ 28. ಅದೇ ಊರು, ಅದೇ ಆಸ್ಪತ್ರೆ. ಹದಿನೈದು ವರ್ಷದಲ್ಲಿ ಆ ಊರಿನ ಮಕ್ಕಳ ದವಡೆ ಕುಗ್ಗಿ, ಮುಂದಿನ ಇಪ್ಪತ್ತೈದು ವರ್ಷದಲ್ಲಿ ಮತ್ತೆ ಹಿಗ್ಗಿತೆಂದು ಯಾರೂ ಹೇಳಲಾರರು. 1968ರಲ್ಲಿ ಅಲ್ಲಿಗೆ ಹೋದ ಹುಡುಗ ನಾಲ್ಕು ಹಲ್ಲು ಕಳೆದುಕೊಳ್ಳುತ್ತಿದ್ದ. ಅವನ ಮಗ 1993ರಲ್ಲಿ ಅಂಥದೇ ಬಾಯಿ ತೆಗೆದುಕೊಂಡು ಹೋದರೆ ಬಹುಶಃ ಒಂದನ್ನೂ ಕಳೆದುಕೊಳ್ಳುತ್ತಿರಲಿಲ್ಲ.

ಗಾಳಿ ಹಿಂದಕ್ಕೆ ತಿರುಗಿದ್ದಕ್ಕೆ ಒಳ್ಳೆಯ ಕಾರಣಗಳೂ ಇದ್ದವು, ಹೆದರಿಕೆಯೂ ಇತ್ತು. ಹಲ್ಲು ಕಿತ್ತು ಚಿಕಿತ್ಸೆ ಮಾಡಿದ್ದರಿಂದಲೇ ದವಡೆಯ ಕೀಲು ನೋವು ಬಂತೆಂದು ದಾವೆ ಹೂಡಿದ ರೋಗಿಗೆ 1987ರಲ್ಲಿ ಮಿಷಿಗನ್ ರಾಜ್ಯದ ಜ್ಯೂರಿಯೊಂದು ಎಂಟೂವರೆ ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅದಾದ ಮೇಲೆ ಹಲ್ಲು ಕೀಳಲು ಅಮೆರಿಕದ ವೈದ್ಯರ ಕೈ ನಡುಗಿತು. ಕಿತ್ತರೆ ಮುಖ ಒಳಕ್ಕೆ ಕುಸಿದು ತಟ್ಟೆಯಂತಾಗುತ್ತದೆ ಎಂಬ ಮಾತೂ ಹಬ್ಬಿತು. ಆದರೆ ಆ ಪ್ರಕರಣದಿಂದ ಒಂದು ಲಾಭವೂ ಆಯಿತು. ಹಲ್ಲು ಕಿತ್ತದ್ದಕ್ಕೂ ಕೀಲು ನೋವಿಗೂ ನಿಜವಾಗಿ ಸಂಬಂಧವಿದೆಯೇ ಎಂದು ಹುಡುಕಿ ನೋಡುವ ಅಧ್ಯಯನಗಳು ಸಾಲುಸಾಲಾಗಿ ನಡೆದವು. ಸಂಬಂಧ ಕಾಣಲಿಲ್ಲ.

ಅನುಭವಸ್ಥ ವೈದ್ಯರೇ ಇಷ್ಟು ವಿರುದ್ಧ ತೀರ್ಮಾನಗಳಿಗೆ ಬರುವುದು ಹೇಗೆ? ಅನುಭವ ಮೋಸ ಮಾಡುವ ದಾರಿಗಳು ಹಲವು. ಹಲ್ಲು ನೆಟ್ಟಗಿರುವ ಹುಡುಗಿ ತನ್ನ ಮದುವೆಯ ಕರೆಯೋಲೆ ಕೊಡಲು ವೈದ್ಯರ ಬಳಿಗೆ ಬರುತ್ತಾಳೆ. ಹಲ್ಲು ಮತ್ತೆ ಸೊಟ್ಟಗಾದವಳು ಬೇರೆ ವೈದ್ಯರನ್ನು ಹುಡುಕಿಕೊಳ್ಳುತ್ತಾಳೆ. ಇನ್ನೊಂದು, ಮಕ್ಕಳು ಸುಮ್ಮನೆ ಬೆಳೆಯುತ್ತಾರೆ. ಎರಡು ವರ್ಷದಲ್ಲಿ ದವಡೆ ತಾನಾಗಿ ಬೆಳೆದದ್ದೆಷ್ಟು, ಯಂತ್ರ ಬೆಳೆಸಿದ್ದೆಷ್ಟು ಎಂದು ಒಂದೇ ಮಗುವನ್ನು ನೋಡಿ ಹೇಳಲಾಗುವುದಿಲ್ಲ. ಮೂರನೆಯದು ಇನ್ನೂ ಸೂಕ್ಷ್ಮ. ಯಾರ ಹಲ್ಲು ತೀರಾ ಒತ್ತರಿಸಿದೆಯೋ ಅವರದನ್ನೇ ವೈದ್ಯರು ಕೀಳಿಸುತ್ತಾರೆ. ಕಿತ್ತವರನ್ನೂ ಕೀಳದವರನ್ನೂ ಸುಮ್ಮನೆ ಹೋಲಿಸಿದರೆ ಕಾಯಿಲೆಯವರನ್ನೂ ಆರೋಗ್ಯವಂತರನ್ನೂ ಹೋಲಿಸಿ ಔಷಧಿಯನ್ನು ದೂರಿದಂತಾಗುತ್ತದೆ.

ಈ ಮೂರನೆಯ ತೊಡಕನ್ನು ದಾಟಲು ಲೈಲ್ ಜಾನ್‌ಸ್ಟನ್ ಎಂಬ ಸಂಶೋಧಕರು ಮತ್ತು ಅವರ ವಿದ್ಯಾರ್ಥಿಗಳು, ಆ್ಯಂಗಲ್ ಶಾಲೆ ತೆರೆದಿದ್ದ ಅದೇ ಸೇಂಟ್ ಲೂಯಿಸ್‌ನಲ್ಲಿ, ಒಂದು ಜಾಣ ದಾರಿ ಹುಡುಕಿದರು. ಹಳೆಯ ರೋಗಿಗಳ ಚಿಕಿತ್ಸೆಗೆ ಮುಂಚಿನ ಅಳತೆಗಳನ್ನು ಲೆಕ್ಕಕ್ಕೆ ಹಾಕಿ, ಖಂಡಿತ ಕೀಳಬೇಕಾದವರನ್ನೂ ಖಂಡಿತ ಬೇಡದವರನ್ನೂ ಪಕ್ಕಕ್ಕಿಟ್ಟರು. ಉಳಿದವರು ನಡುವಿನವರು, ಯಾವ ಕಡೆಗಾದರೂ ಹೋಗಬಹುದಾಗಿದ್ದವರು. ಅಂಥ 63 ಮಂದಿಯನ್ನು ಚಿಕಿತ್ಸೆ ಮುಗಿದ ಸರಾಸರಿ ಹದಿನಾಲ್ಕೂವರೆ ವರ್ಷದ ಮೇಲೆ ಮತ್ತೆ ಕರೆಸಿದರು. 33 ಮಂದಿಯ ಹಲ್ಲು ಕಿತ್ತಿತ್ತು, 30 ಮಂದಿಯದು ಕಿತ್ತಿರಲಿಲ್ಲ. 1992ರಲ್ಲಿ ಪ್ರಕಟವಾದ ಫಲಿತಾಂಶ ಎರಡೂ ಪಕ್ಷದ ಬಾಯಿ ಕಟ್ಟಿಸುವಂತಿತ್ತು. ಮುಖದ ಪಾರ್ಶ್ವನೋಟದಲ್ಲಿ ಎರಡು ಗುಂಪಿಗೂ ಇದ್ದ ಅಂತರ ಸುಮಾರು ಎರಡು ಮಿಲಿಮೀಟರ್. ಕೀಲು ನೋವಿನಲ್ಲಿ ಅಂತರವಿಲ್ಲ. ಹಲ್ಲು ಮತ್ತೆ ಒತ್ತರಿಸಿಕೊಂಡದ್ದರಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ.

ಕಿತ್ತರೆ ಹಲ್ಲು ಕೊನೆಯವರೆಗೆ ನೆಟ್ಟಗೆ ನಿಲ್ಲುತ್ತದೆ ಎಂಬ ಭರವಸೆಯಂತೂ ಸಿಯಾಟಲ್‌ನಲ್ಲಿ ಮುರಿದುಬಿತ್ತು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೀಡೆಲ್ ಮತ್ತು ಲಿಟ್ಲ್ ಎಂಬ ಅಧ್ಯಾಪಕರು ಹಳೆಯ ರೋಗಿಗಳನ್ನು ಹತ್ತು, ಇಪ್ಪತ್ತು ವರ್ಷಗಳ ಬಳಿಕವೂ ಬೆನ್ನು ಬಿಡದೆ ಕರೆಸಿ ಹಲ್ಲಿನ ಅಚ್ಚು ತೆಗೆಯುತ್ತಿದ್ದರು. ನಾಲ್ಕು ಹಲ್ಲು ಕಿತ್ತು ಚಿಕಿತ್ಸೆ ಮಾಡಿದ್ದ 31 ಮಂದಿಯ ಬಗ್ಗೆ ಅವರ ತಂಡ 1988ರಲ್ಲಿ ಬರೆಯಿತು. ಹಲ್ಲನ್ನು ಹಿಡಿದಿಡುವ ರಿಟೇನರ್ ತೆಗೆದ ಇಪ್ಪತ್ತು ವರ್ಷಗಳ ಬಳಿಕ ಕೆಳಗಿನ ಬಾಚಿಹಲ್ಲುಗಳು ಒಪ್ಪುವಂತಿದ್ದದ್ದು ನೂರಕ್ಕೆ ಹತ್ತು ಮಂದಿಯಲ್ಲಿ ಮಾತ್ರ. ಯಾರದು ನಿಲ್ಲುತ್ತದೆ, ಯಾರದು ಜಾರುತ್ತದೆಂದು ಮೊದಲೇ ಊಹಿಸಲು ಯಾವ ಅಳತೆಯೂ ನೆರವಾಗಲಿಲ್ಲ. ಕೆಳದವಡೆ ವಯಸ್ಸಿನೊಂದಿಗೆ ಕಿರಿದಾಗುತ್ತಲೇ ಹೋಗುತ್ತದೆ. ಎಂದೂ ಕ್ಲಿಪ್ ಹಾಕಿಸದವರಲ್ಲೂ ನಲವತ್ತರ ಸುಮಾರಿಗೆ ಕೆಳಗಿನ ಹಲ್ಲುಗಳು ಒತ್ತರಿಸುವುದನ್ನು ಕನ್ನಡಿಯಲ್ಲಿ ಕಾಣಬಹುದು.

ಇದಕ್ಕೆ ಬುದ್ಧಿಹಲ್ಲೇ ಕಾರಣವೆಂಬುದು ಇನ್ನೊಂದು ಹಳೆಯ ನಂಬಿಕೆ. ಹಿಂದಿನಿಂದ ಹುಟ್ಟಿಬರುವ ಹಲ್ಲು ಮುಂದಿನವನ್ನು ನೂಕುತ್ತದೆ ಎಂಬ ಮಾತು ಕೇಳಲು ಎಷ್ಟು ಸರಿಯಾಗಿದೆ! ಅದಕ್ಕಾಗಿಯೇ ಎಷ್ಟೋ ಮಂದಿ ನೋವಿಲ್ಲದ ಬುದ್ಧಿಹಲ್ಲನ್ನು ಕೀಳಿಸಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ 1984ರಿಂದ 164 ಮಂದಿಯನ್ನು ಸೇರಿಸಿಕೊಂಡು ಚೀಟಿ ಎತ್ತಿದಂತೆ ಕೆಲವರ ಬುದ್ಧಿಹಲ್ಲು ಕಿತ್ತು, ಕೆಲವರದನ್ನು ಬಿಟ್ಟು, ಸರಾಸರಿ ಐದೂವರೆ ವರ್ಷದ ಮೇಲೆ ನೋಡಿದರು. ಮುಂಬಲ್ಲುಗಳ ಒತ್ತರಿಕೆಯನ್ನು ತಪ್ಪಿಸಲೆಂದೇ ಬುದ್ಧಿಹಲ್ಲು ಕೀಳುವುದಕ್ಕೆ ಸಮರ್ಥನೆ ಸಿಗಲಿಲ್ಲವೆಂದು 1998ರಲ್ಲಿ ವರದಿಯಾಯಿತು. ಕೊನೆಯ ಅಳತೆಗೆ ಮರಳಿ ಬಂದವರು ಮಾತ್ರ 77 ಮಂದಿ. ಇಂಥ ಸಂಶೋಧನೆಯ ದೊಡ್ಡ ಶತ್ರು ಇದೇ. ಹಲ್ಲು ನೋಯದಿದ್ದರೆ, ಅಚ್ಚು ತೆಗೆಸಿಕೊಳ್ಳಲು ಇಷ್ಟು ವರ್ಷದ ಮೇಲೆ ಯಾರು ಬರುತ್ತಾರೆ?

ಚೀಟಿ ಎತ್ತಿ ಮಕ್ಕಳ ಚಿಕಿತ್ಸೆ ನಿರ್ಧರಿಸುವುದೆಂದರೆ ಯಾವ ತಾಯಿಗೂ ಎದೆ ಝಲ್ಲೆನ್ನುತ್ತದೆ. ಹೆದರಿಕೆ ಆಧಾರವಿಲ್ಲದ್ದೂ ಅಲ್ಲ. ಸಿಹಿ ತಿನಿಸಿನಿಂದ ಹಲ್ಲು ಹುಳುಕಾಗುತ್ತದೆಂದು ಖಚಿತವಾಗಿ ತೋರಿಸಿದ ಅಧ್ಯಯನ ನಡೆದದ್ದು 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ, ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿ. ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇಲ್ಲದ ರೋಗಿಗಳಿಗೆ ಅಂಟಂಟಾದ ಟಾಫಿಗಳನ್ನು ತಿನ್ನಿಸಿ ಹಲ್ಲು ಕೆಡುವುದನ್ನು ಎಣಿಸಿದರು. ಆ ಜ್ಞಾನದಿಂದ ಜಗತ್ತಿನ ಮಕ್ಕಳಿಗೆ ಉಪಕಾರವಾಗಿದೆ. ಅದನ್ನು ಪಡೆದ ರೀತಿಗೆ ಸ್ವೀಡನ್ ಇಂದಿಗೂ ತಲೆತಗ್ಗಿಸುತ್ತದೆ. ಆಮೇಲಿನ ಪ್ರಯೋಗಗಳು ತಂದೆತಾಯಿಗೆ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು. ಚೀಟಿಗೆ ಅರ್ಥವಿರುವುದೂ ಯಾವ ಚಿಕಿತ್ಸೆ ಮೇಲೆಂದು ಪ್ರಾಮಾಣಿಕವಾಗಿ ಗೊತ್ತಿಲ್ಲದಿರುವಾಗ ಮಾತ್ರ.

ಅಂಥ ಒಂದು ಪ್ರಶ್ನೆ ಉಬ್ಬು ಹಲ್ಲಿನ ಮಕ್ಕಳದು. ಎಂಟು ಒಂಬತ್ತು ವರ್ಷಕ್ಕೇ ಚಿಕಿತ್ಸೆ ಶುರುಮಾಡಿದರೆ ಕೆಳದವಡೆಯನ್ನು ಬೆಳೆಸಬಹುದು, ಆಮೇಲೆ ಹಲ್ಲು ಕೀಳುವ ಪ್ರಸಂಗವೇ ಬರುವುದಿಲ್ಲ ಎಂದು ಬಹಳ ಮಂದಿ ನಂಬಿದ್ದರು. ಎರಡು ಸಲ ಚಿಕಿತ್ಸೆ, ಎರಡು ಸಲ ಖರ್ಚು. ನಾರ್ತ್ ಕೆರೊಲಿನಾದಲ್ಲಿ 1988ರಲ್ಲಿ ಆರಂಭವಾದ ಪ್ರಯೋಗದಲ್ಲಿ ಮೇಲಿನ ಹಲ್ಲು ಕೆಳಗಿನದಕ್ಕಿಂತ ಏಳು ಮಿಲಿಮೀಟರ್ ಅಥವಾ ಹೆಚ್ಚು ಮುಂದೆ ಚಾಚಿದ್ದ ಮಕ್ಕಳನ್ನು ಚೀಟಿಯ ಮೂಲಕ ಮೂರು ಗುಂಪು ಮಾಡಿದರು. ಒಂದಕ್ಕೆ ತಲೆಗೆ ಪಟ್ಟಿ ಕಟ್ಟಿ ಎಳೆಯುವ ಹೆಡ್‌ಗಿಯರ್, ಇನ್ನೊಂದಕ್ಕೆ ಬಾಯೊಳಗೆ ಇಟ್ಟುಕೊಂಡು ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ, ಮೂರನೆಯದಕ್ಕೆ ಹದಿನೈದು ತಿಂಗಳು ಏನೂ ಇಲ್ಲ. ಬಳಿಕ ಹದಿಹರೆಯದಲ್ಲಿ ಎಲ್ಲರಿಗೂ ತಂತಿಯ ಚಿಕಿತ್ಸೆ. ಫ್ಲಾರಿಡಾದಲ್ಲೂ ಇಂಥದೇ ಪ್ರಯೋಗ ನಡೆಯಿತು. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್‌ನ ಕೆವಿನ್ ಓಬ್ರಯನ್ ಮತ್ತು ಸಂಗಡಿಗರು ಎಂಟರಿಂದ ಹತ್ತು ವರ್ಷದ 174 ಮಕ್ಕಳಲ್ಲಿ ಟ್ವಿನ್ ಬ್ಲಾಕ್ ಎಂಬ ಸಾಧನವನ್ನು ಪರೀಕ್ಷಿಸಿದರು.

ಮೊದಲ ಹಂತದ ಕೊನೆಗೆ ಸಾಧನ ಹಾಕಿಸಿಕೊಂಡ ಮಕ್ಕಳು ನಿಜಕ್ಕೂ ಮುಂದಿದ್ದರು. ಪ್ರಯೋಗ ಅಲ್ಲಿಗೇ ನಿಂತಿದ್ದರೆ ಜಯಭೇರಿ ಬಾರಿಸಬಹುದಿತ್ತು. ಆದರೆ ಹದಿಹರೆಯದ ಚಿಕಿತ್ಸೆ ಮುಗಿದಾಗ ಮೊದಲೇ ಆರಂಭಿಸಿದವರಿಗೂ ಕಾದವರಿಗೂ ಅಂತರ ಅಳಿಸಿಹೋಗಿತ್ತು. ದವಡೆಯ ಅಳತೆ, ಹಲ್ಲು ಕೂತ ರೀತಿ ಎಲ್ಲವೂ ಸರಿಸಮ. ಇಂಗ್ಲೆಂಡಿನ ಮಕ್ಕಳಲ್ಲಿ ಮೊದಲೇ ಶುರುಮಾಡಿದವರು ಹೆಚ್ಚು ಸಲ ಆಸ್ಪತ್ರೆಗೆ ಅಲೆದಿದ್ದರು, ಖರ್ಚೂ ಹೆಚ್ಚಾಗಿತ್ತು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳಲ್ಲಿ ಬೇಗ ಆರಂಭಿಸಿದ್ದರಿಂದ ಒಂದು ಲಾಭ ಮಾತ್ರ ಉಳಿಯಿತು: ಬಿದ್ದಾಗ, ಆಟದಲ್ಲಿ ಪೆಟ್ಟಾದಾಗ ಮುಂಬಲ್ಲು ಒಡೆಯುವುದು ಕಡಿಮೆ. ಮರ ಹತ್ತುವ, ಸೈಕಲ್ಲಿನಿಂದ ಬೀಳುವ ಮಗುವಿಗೆ ಅದು ಸಣ್ಣ ಲಾಭವೇನಲ್ಲ. ಉಬ್ಬು ಹಲ್ಲೆಂದು ಶಾಲೆಯಲ್ಲಿ ತೀರಾ ಗೇಲಿಗೊಳಗಾಗುವ ಮಗುವಿಗೂ ಬೇಗ ಶುರುಮಾಡಲು ಕಾರಣವಿರಬಹುದು. ದವಡೆ ಬೆಳೆಸುತ್ತೇವೆಂಬ ಮಾತಿಗೆ ಮಾತ್ರ ಆಧಾರ ಉಳಿಯಲಿಲ್ಲ.

ಹೊಸ ಸರಕುಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ತಂತಿಯನ್ನು ತಾವೇ ಹಿಡಿದುಕೊಳ್ಳುವ ಬಾಗಿಲಿರುವ ಬ್ರಾಕೆಟ್‌ಗಳು ಬಂದಾಗ ಚಿಕಿತ್ಸೆ ಬೇಗ ಮುಗಿಯುತ್ತದೆ, ಹಲ್ಲು ಕೀಳುವುದು ತಪ್ಪುತ್ತದೆ ಎಂದು ಜಾಹೀರಾತು ಬಂತು. ಚೀಟಿಯ ಪ್ರಯೋಗಗಳಲ್ಲಿ ಸಾಮಾನ್ಯ ಬ್ರಾಕೆಟ್‌ಗಿಂತ ಅವು ಬೇಗ ಮುಗಿಸಲಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಕಚ್ಚಿ ಹಿಡಿದರೆ ಹಲ್ಲನ್ನು ನಡುಗಿಸಿ ಬೇಗ ಸರಿಸುತ್ತದೆಂಬ ಸಾಧನವನ್ನು ಇಂಗ್ಲೆಂಡಿನಲ್ಲಿ 81 ಮಂದಿಯ ಮೇಲೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಕೆಲವರಿಗೆ ನಡುಗುವ ಸಾಧನ, ಕೆಲವರಿಗೆ ನೋಡಲು ಹಾಗೆಯೇ ಇದ್ದು ನಡುಗದ ಸಾಧನ, ಕೆಲವರಿಗೆ ಬರಿಯ ತಂತಿ. ಮೂರೂ ಗುಂಪಿನ ಹಲ್ಲುಗಳು ಒಂದೇ ವೇಗದಲ್ಲಿ ಸರಿದವು.

ಹಾಗಾದರೆ ಮೊದಲಿನ ಆ ಹನ್ನೆರಡು ವರ್ಷದ ಹುಡುಗಿಯ ನಾಲ್ಕು ಹಲ್ಲಿನ ಗತಿಯೇನು? ಇಂದಿನ ಪಠ್ಯಪುಸ್ತಕಗಳು ಸ್ಥೂಲವಾಗಿ ಹೀಗೆ ಹೇಳುತ್ತವೆ: ಸಾಲಿನಲ್ಲಿ ಜಾಗದ ಕೊರತೆ ನಾಲ್ಕು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕೀಳುವ ಅಗತ್ಯ ಅಪರೂಪ. ಹತ್ತಕ್ಕಿಂತ ಹೆಚ್ಚಿದ್ದರೆ ಬಹುತೇಕ ಕೀಳಲೇಬೇಕು. ಇಲ್ಲದಿದ್ದರೆ ಹಲ್ಲುಗಳನ್ನು ಮೂಳೆಯ ಅಂಚಿಗೆ ತಳ್ಳಿ ವಸಡು ಜಾರುವಂತೆ ಮಾಡಿದಂತಾಗುತ್ತದೆ. ಐದರಿಂದ ಒಂಬತ್ತರವರೆಗಿನದು ವಾದದ ಸೀಮೆ. ಇಬ್ಬರು ಒಳ್ಳೆಯ ವೈದ್ಯರು ಎರಡು ಮಾತು ಹೇಳುವುದು ಹೆಚ್ಚಾಗಿ ಇಲ್ಲಿಯೇ. ಇಲ್ಲಿ ತುಟಿಯ ಉಬ್ಬು, ವಸಡಿನ ದಪ್ಪ, ಮುಖದ ಆಕಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದರಲ್ಲೂ ಒಂದು ಎಚ್ಚರ ಬೇಕು. ಟ್ವೀಡ್ ಮತ್ತು ಅವನ ನಂತರದವರು ಎಕ್ಸ್‌ರೇ ಮೇಲೆ ಗೆರೆ ಎಳೆದು ಕಟ್ಟಿದ ಮಾನದಂಡಗಳು ಅಮೆರಿಕದ ಬಿಳಿಯರ ಮುಖಗಳಿಂದ ಬಂದವು. ನಮ್ಮ ಕಡೆ ಎರಡೂ ಸಾಲಿನ ಮುಂಬಲ್ಲುಗಳು ಸ್ವಲ್ಪ ಮುಂದಿರುವುದು ಸಾಮಾನ್ಯ. ಆ ಅಳತೆಗೋಲನ್ನು ಹಾಗೆಯೇ ಇಟ್ಟರೆ ಚೆಂದವಾಗಿಯೇ ಇರುವ ಬಾಯಿಯೂ ದೋಷವುಳ್ಳದ್ದೆಂದು ಕಾಣಬಹುದು. ಭಾರತೀಯ ಮುಖಗಳನ್ನೇ ಅಳೆದು ಬೇರೆ ಮಾನದಂಡ ಮಾಡುವ ಅಧ್ಯಯನಗಳು ಇಲ್ಲಿನ ಕಾಲೇಜುಗಳಲ್ಲಿ ನಡೆದಿರುವುದು ಇದಕ್ಕಾಗಿಯೇ.

ಕೊರತೆ ಎಷ್ಟು ಮಿಲಿಮೀಟರ್ ಎಂದು ಆ ತಂದೆತಾಯಿ ಎರಡೂ ವೈದ್ಯರನ್ನು ಕೇಳಬಹುದು. ಕೀಳದೆ ಮಾಡಿದರೆ ಜಾಗ ಎಲ್ಲಿಂದ ಬರುತ್ತದೆ, ತುಟಿ ಎಷ್ಟು ಮುಂದೆ ಬರುತ್ತದೆ ಎಂದೂ ಕೇಳಬಹುದು. ಚಿಕಿತ್ಸೆಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯುತ್ತದೆ. ಅದಾದ ಮೇಲೆ ರಾತ್ರಿ ಹೊತ್ತು ರಿಟೇನರ್ ಹಾಕಿಕೊಳ್ಳಬೇಕು, ಇಲ್ಲವೇ ಕೆಳಗಿನ ಮುಂಬಲ್ಲುಗಳ ಹಿಂದೆ ಸಣ್ಣ ತಂತಿಯನ್ನು ಅಂಟಿಸಿಕೊಂಡಿರಬೇಕು. ಹಿಂದೆ ಒಂದೆರಡು ವರ್ಷ ಸಾಕೆನ್ನುತ್ತಿದ್ದರು. ಈಗ ಹಲ್ಲು ನೆಟ್ಟಗಿರಬೇಕೆನ್ನುವಷ್ಟು ಕಾಲವೂ ಹಾಕಿಕೊಂಡಿರಿ ಎನ್ನುವ ವೈದ್ಯರೇ ಹೆಚ್ಚು.